ತಟ್ಟೆ ತುಂಬಾ ತಿಂದು ಸೊಂಟದ ಅಳತೆ ಇಳಿಸಿದ್ದು ಹೀಗೆ

ನಾನು ಟೈಲರ್. ಇಪ್ಪತ್ತೆರಡು ವರ್ಷದಿಂದ ಬೇರೆಯವರ ಎದೆ, ಸೊಂಟ, ತೋಳು ಅಳೆದು ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಯಾರು ಯಾವ ವರ್ಷ ಎಷ್ಟು ದಪ್ಪ ಆದರು ಅನ್ನೋದೆಲ್ಲ ಅದರಲ್ಲಿದೆ. ನನ್ನ ಅಳತೆ ಒಂದು ಮಾತ್ರ ಇರಲಿಲ್ಲ. ನನಗೆ ಹೊಲಿದುಕೊಳ್ಳುವಾಗ ಹಳೇ ಬಟ್ಟೆಯನ್ನೇ ಮೇಜಿನ ಮೇಲೆ ಹರಡಿ, ‘ಅರ್ಧ ಇಂಚು ಸಡಿಲ ಇರಲಿ’ ಅಂತ ಕತ್ತರಿಸುತ್ತಿದ್ದೆ. ಪ್ರತಿ ಸಲವೂ ಅರ್ಧ ಇಂಚು. ಒಂದು ದಿನ ಮಗಳು ತಮಾಷೆಗೆ ನನ್ನ ಸೊಂಟಕ್ಕೇ ಟೇಪು ಸುತ್ತಿದಳು. 38 ಇಂಚು. ನಾನು ಹೊಲಿಗೆ ಕಲಿಯಲು ಹೋದಾಗ 28 ಇತ್ತು.

ಆಗ ನನಗೆ 43 ವರ್ಷ, 78 ಕಿಲೊ ತೂಕ. ಹನ್ನೊಂದು ತಿಂಗಳು ಹಿಡಿದು 69ಕ್ಕೆ ಇಳಿದೆ. ಈಗ ಎರಡು ವರ್ಷದಿಂದ 70ರ ಆಸುಪಾಸಿನಲ್ಲೇ ಇದ್ದೇನೆ. ಹಸಿದುಕೊಂಡು ಇಳಿಸಿದ್ದಲ್ಲ. ಹಸಿದುಕೊಂಡು ಇಳಿಸಲು ನೋಡಿದ್ದೂ ಇದೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

ಸೌತೆಕಾಯಿಯಲ್ಲಿ ಕ್ಯಾಲರಿ ಇಲ್ಲವೇ ಇಲ್ಲ ಅಂತ ಯಾರೋ ಹೇಳಿದ್ದನ್ನು ಕೇಳಿ ಎಂಟು ದಿನ ಬರೀ ಸೌತೆಕಾಯಿ ತಿಂದೆ. ದಿನಕ್ಕೆ ಒಂದೂವರೆ ಕಿಲೊ. ಮೊದಲ ದಿನ ಮೈ ಹಗುರ ಅನಿಸಿತು. ಮೂರನೇ ದಿನ ತಲೆನೋವು. ಆರನೇ ದಿನ ಒಬ್ಬರ ಬಟ್ಟೆಗೆ ಎರಡು ತೋಳನ್ನೂ ಎಡಗೈಗೇ ಕತ್ತರಿಸಿಬಿಟ್ಟೆ. ಕಲಿಯುವ ಹುಡುಗಿಯರು ಮಾಡುವ ತಪ್ಪು ಅದು. ಎಂಟನೇ ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ಪೊಟ್ಟಣ ಬಿಸ್ಕತ್ತು ನಿಂತುಕೊಂಡೇ ಖಾಲಿ ಮಾಡಿದೆ. ಎರಡೂವರೆ ಕಿಲೊ ಇಳಿದಿತ್ತು, ಹತ್ತೇ ದಿನದಲ್ಲಿ ಅಷ್ಟೂ ವಾಪಸ್ ಬಂತು.

ಆಮೇಲೆ ಲೆಕ್ಕ ಹಾಕಿದೆ. ಒಂದೂವರೆ ಕಿಲೊ ಸೌತೆಕಾಯಿ ಅಂದರೆ ಸುಮಾರು 225 ಕ್ಯಾಲರಿ, 10 ಗ್ರಾಂ ಪ್ರೋಟೀನ್. ಅಷ್ಟರಲ್ಲಿ ದಿನಪೂರ್ತಿ ಮೆಷಿನ್ ತುಳಿಯುತ್ತೇನೆ ಅಂದುಕೊಂಡಿದ್ದೆ. ದಿನಕ್ಕೆ 800 ಕ್ಯಾಲರಿಗಿಂತ ಕಡಿಮೆ ತಿನ್ನುವುದನ್ನು ಡಾಕ್ಟರ ಕಣ್ಗಾವಲಿನಲ್ಲಿ ಮಾತ್ರ ಮಾಡಬೇಕು, ಅದೂ ಎಲ್ಲರಿಗೂ ಅಲ್ಲ. ಇನ್ನು ಮೊದಲ ವಾರ ಇಳಿಯುತ್ತದಲ್ಲ, ಆ ತೂಕದಲ್ಲಿ ಬಹುಪಾಲು ನೀರು. ಮೈಯಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಖರ್ಚಾಗುವಾಗ ಅದರ ಜೊತೆಗಿದ್ದ ನೀರೂ ಹೋಗುತ್ತದೆ. ಮತ್ತೆ ಊಟ ಮಾಡಿದ ಕೂಡಲೇ ಅದು ತಿರುಗಿ ಬಂದು ಕೂರುತ್ತದೆ.

ಹಾಗಾದರೆ ಈ ಕಡಿಮೆ ಕ್ಯಾಲರಿ ತರಕಾರಿ, ಹಣ್ಣುಗಳಿಂದ ಉಪಯೋಗ ಏನು? ಜಾಗ ತುಂಬಿಸುವುದು. ಅಷ್ಟೇ ಅವುಗಳ ಕೆಲಸ. ಯಾವ ತರಕಾರಿಯೂ ಕೊಬ್ಬು ಕರಗಿಸುವುದಿಲ್ಲ. ತಟ್ಟೆಯಲ್ಲಿ, ಆಮೇಲೆ ಹೊಟ್ಟೆಯಲ್ಲಿ ಜಾಗ ಹಿಡಿದುಕೊಂಡು, ಜಾಸ್ತಿ ಕ್ಯಾಲರಿ ಇರುವ ಪದಾರ್ಥಕ್ಕೆ ಜಾಗ ಕಡಿಮೆ ಮಾಡುತ್ತವೆ.

ಮೊದಲು ತಕ್ಕಡಿ

ಬಟ್ಟೆಯನ್ನು ಕಣ್ಣಳತೆಯಲ್ಲಿ ಕತ್ತರಿಸಿದರೆ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಊಟದಲ್ಲಿ ಮಾತ್ರ ನಲವತ್ತು ವರ್ಷ ಕಣ್ಣಳತೆಯೇ ನಡೆದಿತ್ತು. ಅದಕ್ಕೇ ಗ್ರಾಂ ಲೆಕ್ಕದಲ್ಲಿ ತೋರಿಸುವ ಒಂದು ಚಿಕ್ಕ ಅಡುಗೆಮನೆ ತಕ್ಕಡಿ ತಂದೆ. ನೀವೂ ಅಲ್ಲಿಂದ ಶುರು ಮಾಡಿ. ಜೀವನಪೂರ್ತಿ ತೂಗಬೇಕಾಗಿಲ್ಲ, ಒಂದು ತಿಂಗಳು ತೂಗಿದರೆ ಕಣ್ಣು ಪಳಗುತ್ತದೆ.

ತಂದ ದಿನವೇ ಬಟ್ಟೆ ಕತ್ತರಿಸುವ ಮೇಜು ಖಾಲಿ ಮಾಡಿ ಒಂದು ಆಟ ಆಡಿದೆವು. ನೂರು ನೂರು ಕ್ಯಾಲರಿ ಲೆಕ್ಕ ಹಾಕಿ ಒಂದೊಂದನ್ನೇ ಸಾಲಾಗಿ ಇಡುವುದು. ಮಗಳು ತೂಗಿದಳು, ನಾನು ಸೀಮೆಸುಣ್ಣದಲ್ಲಿ ಪಕ್ಕಕ್ಕೆ ಬರೆದೆ. ಎಣ್ಣೆ 11 ಗ್ರಾಂ, ಬಟ್ಟಲಿನ ತಳದಲ್ಲಿ ಒಂದು ನಾಣ್ಯದಷ್ಟು. ಒಣದ್ರಾಕ್ಷಿ 33 ಗ್ರಾಂ, ಮುಷ್ಟಿಗೂ ಸಾಲದು. ಬೆಂದ ಅನ್ನ 77 ಗ್ರಾಂ. ಸಿಪ್ಪೆ ಸುಲಿದ ಬಾಳೆಹಣ್ಣು 112 ಗ್ರಾಂ. ಆಲೂಗಡ್ಡೆ 130 ಗ್ರಾಂ. ಸೇಬು 190 ಗ್ರಾಂ. ಅಲ್ಲಿಂದ ಮುಂದೆ ಬಟ್ಟಲು ಸಾಲದೆ ಪಾತ್ರೆ ತಂದೆವು. ಕ್ಯಾರೆಟ್ 245 ಗ್ರಾಂ, ಕಲ್ಲಂಗಡಿಯ ತಿರುಳು 330 ಗ್ರಾಂ, ಎಲೆಕೋಸು 400 ಗ್ರಾಂ, ಟೊಮೆಟೊ ಅರ್ಧ ಕಿಲೊ ಮೀರಿ 550. ಸೌತೆಕಾಯಿಗೆ ಬಂದಾಗ 660 ಗ್ರಾಂ ಆಯಿತು, ಮೂರು ದಪ್ಪ ಕಾಯಿ. ಮಗಳು ಎಣ್ಣೆಯ ಬಟ್ಟಲನ್ನು ಆ ಕಾಯಿಗಳ ಪಕ್ಕ ತಂದಿಟ್ಟು, ‘ಅಮ್ಮಾ, ಇವೆರಡೂ ಒಂದೇನಾ?’ ಅಂದಳು. ಒಂದೇ.

ಈ ಸಾಲು ಇವತ್ತಿಗೂ ನನ್ನ ತಲೆಯಲ್ಲಿ ಹಾಗೇ ಇದೆ. ಆ ಒಂದು ಗಂಟೆ ಕಲಿಸಿದಷ್ಟನ್ನು ಯಾವ ಪಟ್ಟಿಯೂ ಕಲಿಸಲಿಲ್ಲ. ನೀವೂ ಮಾಡಿ ನೋಡಿ, ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಳ್ಳಿ.

ಕಾರಣ ಸರಳ. ಕೊಬ್ಬು ಒಂದು ಗ್ರಾಂಗೆ 9 ಕ್ಯಾಲರಿ. ಪಿಷ್ಟ, ಸಕ್ಕರೆ, ಪ್ರೋಟೀನ್ ಗ್ರಾಂಗೆ 4. ನಾರು ಅದರ ಅರ್ಧದಷ್ಟು. ನೀರು ಸೊನ್ನೆ. ಸೌತೆಕಾಯಿಯ ನೂರು ಗ್ರಾಂನಲ್ಲಿ 95 ಗ್ರಾಂ ನೀರೇ. ಒಣದ್ರಾಕ್ಷಿ ಅಂದರೆ ನೀರು ತೆಗೆದ ದ್ರಾಕ್ಷಿ. ದ್ರಾಕ್ಷಿಯಾಗಿದ್ದಾಗ ನೂರು ಗ್ರಾಂಗೆ 69 ಕ್ಯಾಲರಿ ಇದ್ದದ್ದು ಒಣಗಿದ ಮೇಲೆ 300ರ ಹತ್ತಿರ ಹೋಗುತ್ತದೆ.

ನೀರೇ ಮುಖ್ಯ ಅಂದರೆ ಎರಡು ಲೋಟ ನೀರು ಕುಡಿದರೆ ಸಾಲದಾ ಅಂತ ನನ್ನ ಅಕ್ಕ ಕೇಳಿದ್ದಳು. ಒಳ್ಳೇ ಪ್ರಶ್ನೆಯೇ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ಮತ್ತು ಅವರ ಜೊತೆಗಾರರು 1999ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದರು. ಅದೇ ಪದಾರ್ಥ, ಅಷ್ಟೇ ನೀರು. ನೀರನ್ನು ಪಕ್ಕದಲ್ಲಿ ಲೋಟದಲ್ಲಿ ಕೊಟ್ಟಾಗ ಜನ ಆಮೇಲಿನ ಊಟ ಕಡಿಮೆ ಮಾಡಲಿಲ್ಲ. ಅದೇ ನೀರನ್ನು ಸೇರಿಸಿ ಸೂಪು ಮಾಡಿ ಕೊಟ್ಟಾಗ ಕಡಿಮೆ ತಿಂದರು. ಕುಡಿದ ನೀರು ಬೇಗ ಜಾರಿಹೋಗುತ್ತದೆ. ತರಕಾರಿಯೊಳಗೆ ಸೇರಿಕೊಂಡ ನೀರು ಹೊಟ್ಟೆಯಲ್ಲಿ ನಿಧಾನ ಮಾಡುತ್ತದೆ. ಹೊಟ್ಟೆಯ ಗೋಡೆ ಹಿಗ್ಗಿದಾಗ ಅಲ್ಲಿನ ನರಗಳು ಮಿದುಳಿಗೆ ‘ಸಾಕು’ ಅಂತ ಸುದ್ದಿ ಕಳಿಸುತ್ತವೆ. ಸುದ್ದಿ ಮುಟ್ಟಲು ಒಂದಿಷ್ಟು ಹೊತ್ತು ಬೇಕು. ಅದಕ್ಕೇ ಅವಸರದಲ್ಲಿ ತಿನ್ನುವವರು ಜಾಸ್ತಿ ತಿನ್ನುತ್ತಾರೆ. ನಾನೂ ಹಾಗೇ ತಿನ್ನುತ್ತಿದ್ದೆ, ಆರ್ಡರ್ ಜಾಸ್ತಿ ಇರುವ ದಿನಗಳಲ್ಲಂತೂ ಊಟ ಐದೇ ನಿಮಿಷ.

ಯಾವುದನ್ನು ಕೈತುಂಬ ತೆಗೆದುಕೊಳ್ಳಬಹುದು

ನನ್ನ ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಮೂರು ಗುಂಪು ಬರೆದಿಟ್ಟಿದ್ದೇನೆ. ಎಲ್ಲಾ ಲೆಕ್ಕವೂ ಹಸಿ ತರಕಾರಿ ನೂರು ಗ್ರಾಂಗೆ ಸುಮಾರು ಎಷ್ಟು ಕ್ಯಾಲರಿ ಅಂತ. ತಳಿ, ಹಣ್ಣಾದ ಹದ ನೋಡಿ ಒಂದೆರಡು ಆಚೀಚೆ ಆಗುತ್ತದೆ.

ಲೆಕ್ಕವನ್ನೇ ಇಡದೆ ತಿನ್ನುವ ಗುಂಪು ಮೊದಲನೆಯದು. ಲೆಟ್ಯೂಸ್, ಸೆಲರಿ, ಸೋರೆಕಾಯಿ 14, ಸೌತೆಕಾಯಿ 15, ಮೂಲಂಗಿ 16, ಝುಕಿನಿ 17, ಟೊಮೆಟೊ 18, ಹಸಿರು ಕ್ಯಾಪ್ಸಿಕಂ 20. ಅದರ ಹಿಂದೆಯೇ ಅಣಬೆ 22, ಪಾಲಕ್ 23, ಎಲೆಕೋಸು, ಹೂಕೋಸು, ಬದನೆಕಾಯಿ ಮೂರೂ 25, ಸಿಹಿ ಕುಂಬಳಕಾಯಿ 26. ಬೀನ್ಸ್ 31, ಬ್ರೊಕೋಲಿ 34.

ಕ್ಯಾರೆಟ್ 41, ಈರುಳ್ಳಿ 40, ಬೀಟ್‌ರೂಟ್ 43 ಎರಡನೇ ಗುಂಪು. ಇವಕ್ಕೆ ಸುಮ್ನೆ ಕೆಟ್ಟ ಹೆಸರು ಬಂದಿದೆ. ಸಿಹಿ ಇದೆ ಅಂತ ಕ್ಯಾರೆಟ್ ಬಿಡುವವರನ್ನು ನೋಡಿದ್ದೇನೆ. ಕ್ಯಾರೆಟ್ ತಿಂದು ಯಾರೂ ದಪ್ಪ ಆಗಿಲ್ಲ.

ಮೂರನೆಯದು, ಹೆಸರಿಗೆ ತರಕಾರಿ ಆದರೂ ಲೆಕ್ಕಕ್ಕೆ ಅನ್ನದ ಕಡೆ ಸೇರುವಂಥವು. ಆಲೂಗಡ್ಡೆ 77, ಬಟಾಣಿ 81, ಗೆಣಸು ಮತ್ತು ಸಿಹಿ ಜೋಳ 86. ಇವನ್ನು ತಿನ್ನಬೇಡಿ ಅಂತ ಹೇಳುತ್ತಿಲ್ಲ. ಇವನ್ನು ತಿಂದ ದಿನ ಅನ್ನವನ್ನೋ ಬ್ರೆಡ್ಡನ್ನೋ ಕಡಿಮೆ ಮಾಡಿ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು, ತರಕಾರಿ ತಿನ್ನಿ ಅನ್ನುವಾಗಲೂ ಆಲೂಗಡ್ಡೆಯಂಥ ಗೆಡ್ಡೆಗಳನ್ನು ಅದರಲ್ಲಿ ಸೇರಿಸುವುದಿಲ್ಲ.

ಒಂದು ಎಚ್ಚರಿಕೆ. ಸೋರೆಕಾಯಿ, ಸೌತೆಕಾಯಿ, ಝುಕಿನಿ ಹೆಚ್ಚುವಾಗ ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡಿ. ತೀರಾ ಕಹಿ ಇದ್ದರೆ ಇಡೀ ಕಾಯಿಯನ್ನೇ ಬಿಸಾಡಿ. ಆ ಕಹಿಗೆ ಕಾರಣವಾದ ಕುಕುರ್ಬಿಟಾಸಿನ್ ಅನ್ನುವ ಅಂಶ ಬೇಯಿಸಿದರೂ ಹೋಗುವುದಿಲ್ಲ, ಜೋರು ವಾಂತಿ ಭೇದಿ ತರುತ್ತದೆ. ತೂಕ ಇಳಿಸುತ್ತದೆ ಅಂತ ಕಹಿ ಸೋರೆಕಾಯಿಯ ರಸ ಮೂಗು ಮುಚ್ಚಿಕೊಂಡು ಕುಡಿಯುವವರು ಇದನ್ನು ಮುಖ್ಯವಾಗಿ ನೆನಪಿಟ್ಟುಕೊಳ್ಳಬೇಕು.

ಸೆಲರಿಯನ್ನು ಅಗಿದು ಅರಗಿಸಲು ಅದರಲ್ಲಿರುವುದಕ್ಕಿಂತ ಜಾಸ್ತಿ ಕ್ಯಾಲರಿ ಖರ್ಚಾಗುತ್ತದೆ ಅನ್ನುವ ಮಾತೂ ಓಡಾಡುತ್ತಿದೆ. ಸುಳ್ಳು. ಊಟ ಅರಗಿಸಲು ಒಟ್ಟಾರೆ ಅದರ ಹತ್ತರಲ್ಲಿ ಒಂದು ಪಾಲಿನಷ್ಟು ಖರ್ಚಾಗುತ್ತದೆ, ಉಳಿದದ್ದು ಮೈಗೆ ಸೇರುತ್ತದೆ. 14 ಕ್ಯಾಲರಿ ತಿಂದರೆ ಹನ್ನೆರಡು ಹದಿಮೂರಂತೂ ಒಳಗೇ ಉಳಿಯಿತು.

ಎಣ್ಣೆ ಬಾಟಲಿಯನ್ನು ತೂಗಿ

ನನ್ನನ್ನು ಇಷ್ಟು ವರ್ಷ ದಪ್ಪ ಇಟ್ಟಿದ್ದು ಅನ್ನವೂ ಅಲ್ಲ, ಸಿಹಿಯೂ ಅಲ್ಲ ಅಂತ ಗೊತ್ತಾಗಿದ್ದು ಬದನೆಕಾಯಿಯಿಂದ. ತರಕಾರಿ ಜಾಸ್ತಿ ಮಾಡಿ ಒಂದು ತಿಂಗಳಾಗಿತ್ತು. ತೂಕ ಅಲ್ಲಾಡಲಿಲ್ಲ. ತಕ್ಕಡಿಯೇ ಸರಿ ಇಲ್ಲವೇನೋ ಅಂತ ಸಕ್ಕರೆ ಪೊಟ್ಟಣ ಇಟ್ಟು ನೋಡಿದೆ, ಸರಿಯಾಗೇ ಇತ್ತು. ಕೊನೆಗೆ ಒಂದು ದಿನ ಬದನೆಕಾಯಿ ಹುರಿಯುವ ಮುಂಚೆ ಎಣ್ಣೆ ಬಾಟಲಿಯನ್ನೇ ತೂಗಿದೆ. 612 ಗ್ರಾಂ. ಹುರಿದಾದ ಮೇಲೆ ತೂಗಿದರೆ 571. ಬಾಣಲೆಯಲ್ಲಿ ಒಂದು ಹನಿ ಉಳಿದಿರಲಿಲ್ಲ. 41 ಗ್ರಾಂ ಎಣ್ಣೆ, ಹತ್ತಿರ ಹತ್ತಿರ 360 ಕ್ಯಾಲರಿ, ಅಷ್ಟನ್ನೂ ಬದನೆಕಾಯಿ ಕುಡಿದಿತ್ತು. 300 ಗ್ರಾಂ ಬದನೆಕಾಯಿಯದ್ದು ಸ್ವಂತ ಆಸ್ತಿ ಬರೀ 75 ಕ್ಯಾಲರಿ.

ಬದನೆಕಾಯಿಯ ತಿರುಳು ಸ್ಪಂಜಿನ ಹಾಗೆ, ಒಳಗೆಲ್ಲ ಗಾಳಿ. ಬಿಸಿ ತಾಗಿದಾಗ ಗಾಳಿ ಹೊರಗೆ ಬಂದು ಎಣ್ಣೆ ಒಳಗೆ ಹೋಗುತ್ತದೆ. ಬಾಣಲೆ ಒಣಗಿತು ಅಂತ ನಾವು ಇನ್ನೊಂದಿಷ್ಟು ಸುರಿಯುತ್ತೇವೆ. ಇದಕ್ಕೆ ಉಪಾಯ ಇದೆ. ಹೆಚ್ಚಿದ ಹೋಳನ್ನು ಮೊದಲು ಆರೇಳು ನಿಮಿಷ ಹಬೆಯಲ್ಲಿ ಬೇಯಿಸಿ. ಸ್ಪಂಜು ಕುಸಿದು ಮೆತ್ತಗಾಗುತ್ತದೆ. ನೀರು ಬಸಿದು, ಆಮೇಲೆ ಬಾಣಲೆಗೆ ಒಂದು ಟೀ ಚಮಚ ಎಣ್ಣೆ ಹಾಕಿ ಹೊರಳಿಸಿ. ಒಂದು ಟೀ ಚಮಚ ಅಂದರೆ 40 ಕ್ಯಾಲರಿ. ಹುರಿದ ಪರಿಮಳವೂ ಬರುತ್ತದೆ.

ಅಣಬೆಗೂ ಹೆಚ್ಚುಕಡಿಮೆ ಇದೇ ಕತೆ, ಆದರೆ ದಾರಿ ಬೇರೆ. ಬಾಣಲೆ ಚೆನ್ನಾಗಿ ಕಾಯಲಿ, ಎಣ್ಣೆ ಬೇಡ. ಹೆಚ್ಚಿದ ಅಣಬೆ 250 ಗ್ರಾಂ ಹಾಕಿ. ಮೊದಲು ಚರಚರ ಅನ್ನುತ್ತದೆ, ಎರಡು ನಿಮಿಷಕ್ಕೆ ನೀರು ಬಿಟ್ಟುಕೊಂಡು ಸದ್ದು ಅಡಗುತ್ತದೆ. ಹೆದರಬೇಡಿ, ಬಿಡಿ. ಆ ನೀರೆಲ್ಲ ಆರಿ ಮತ್ತೆ ಚರಚರ ಸದ್ದು ಶುರುವಾದಾಗ ಒಂದು ಟೀ ಚಮಚ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಉಪ್ಪು, ಮೆಣಸಿನಪುಡಿ ಹಾಕಿ. ಅಂಚು ಕಂದಾಗುವವರೆಗೆ ಬಿಟ್ಟು ಇಳಿಸಿ. ಇಡೀ ಬಾಣಲೆಗೆ ನೂರು ಕ್ಯಾಲರಿ ಆಗುವುದಿಲ್ಲ. ಕಿವಿ ಕೊಟ್ಟು ಮಾಡುವ ಅಡುಗೆ ಇದು, ಗಡಿಯಾರ ಬೇಡ.

ಹೂಕೋಸಿಗೆ ನಾನು ಎಣ್ಣೆಯನ್ನು ಬಾಣಲೆಗೆ ಹಾಕುವುದೇ ಇಲ್ಲ. ಅರ್ಧ ಕಿಲೊ ಹೂಕೋಸನ್ನು ಬಿಡಿಸಿ, ತೊಳೆದು, ಬಟ್ಟೆಯಲ್ಲಿ ಒರೆಸಿ ಒಣಗಿಸುತ್ತೇನೆ. ಅಗಲ ಪಾತ್ರೆಯಲ್ಲಿ ಎರಡು ಟೀ ಚಮಚ ಎಣ್ಣೆ, ಉಪ್ಪು, ಅರಿಶಿನ ಹಾಕಿ ಎರಡೂ ಕೈಯಿಂದ ಉಜ್ಜಿ ಹಚ್ಚುತ್ತೇನೆ. ಒಲೆಯ ಮೇಲೆ ಎಂಟು ಚಮಚ ಕುಡಿಯುವ ಹೂಕೋಸಿಗೆ ಕೈಯಲ್ಲಿ ಹಚ್ಚಿದರೆ ಎರಡೇ ಸಾಕು. ಓವನ್ ಇದ್ದರೆ 220 ಡಿಗ್ರಿಯಲ್ಲಿ 25 ನಿಮಿಷ. ಇಲ್ಲದಿದ್ದರೆ ದಪ್ಪ ತಳದ ಬಾಣಲೆಯಲ್ಲಿ ಮುಚ್ಚಿ ಏಳೆಂಟು ನಿಮಿಷ, ಆಮೇಲೆ ಮುಚ್ಚಳ ತೆಗೆದು ಕೆಂಪಗಾಗುವವರೆಗೆ. ಒದ್ದೆ ಇದ್ದರೆ ಹುರಿಯುವುದಿಲ್ಲ, ಬೇಯುತ್ತದೆ ಅಷ್ಟೇ. ಒರೆಸುವುದನ್ನು ಮರೆಯಬೇಡಿ.

ಸಲಾಡ್ ಮೇಲೆ ಸುರಿಯುವುದರ ಬಗ್ಗೆಯೂ ಒಂದು ಮಾತು. 200 ಗ್ರಾಂ ಸೌತೆಕಾಯಿಗೆ 30 ಕ್ಯಾಲರಿ. ಅದರ ಮೇಲೆ ಎರಡು ದೊಡ್ಡ ಚಮಚ ಎಣ್ಣೆ ಹಾಕಿದರೆ ಎಣ್ಣೆಯದ್ದೇ 240. ಒಂದು ಸಲ ನಾನು ಹಾಗೆ ಮಾಡಿಟ್ಟಾಗ ಮಗಳು ಬಟ್ಟಲೊಳಗೆ ಇಣುಕಿ, ‘ಸೌತೆಕಾಯಿ ಈಜ್ತಾ ಇದೆ’ ಅಂದಳು. ಮೇಯನೇಸ್ ಅಂತೂ ಬಹುಪಾಲು ಎಣ್ಣೆಯೇ. ಹಾಗಂತ ಎಣ್ಣೆ ಪೂರ್ತಿ ಬಿಡಬೇಡಿ. ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹತ್ತಬೇಕಾದರೆ ಜೊತೆಗೆ ಸ್ವಲ್ಪ ಕೊಬ್ಬು ಬೇಕು. ಕ್ಯಾರೆಟ್‌ನ ಕಿತ್ತಳೆ ಬಣ್ಣದ ಅಂಶವೂ ಹಾಗೇ. ಒಂದು ಟೀ ಚಮಚ ಎಣ್ಣೆ, ಅರ್ಧ ನಿಂಬೆಹಣ್ಣು, ಕರಿಮೆಣಸು ಸಾಕು. ಚಮಚದಲ್ಲಿ ಅಳೆದು ಹಾಕಿ, ಬಾಟಲಿಯಿಂದ ನೇರ ಸುರಿಯಬೇಡಿ.

ಸೌತೆಕಾಯಿ ಹೆಚ್ಚಿ ಉಪ್ಪು ಹಾಕಿ ಅರ್ಧ ಗಂಟೆ ಬಿಟ್ಟು ನೀರು ಹಿಂಡುವ ರೂಢಿ ಕೆಲವರಿಗಿದೆ. ರುಚಿ ಗರಿಗರಿ ಇರುತ್ತದೆ, ಒಪ್ಪುತ್ತೇನೆ. ಆದರೆ ನಮ್ಮ ಕೆಲಸಕ್ಕೆ ಬೇಕಾದದ್ದೇ ಆ ನೀರು. ದಪ್ಪ ದಪ್ಪ ಹೋಳು ಮಾಡಿ, ತಿನ್ನುವ ಹೊತ್ತಿಗೆ ಉಪ್ಪು ಹಾಕಿಕೊಳ್ಳಿ.

ತಿನ್ನುವ ಸಾಲು

ಮೊದಲು ನಾನು ಅನ್ನದ ಜೊತೆ ತರಕಾರಿ ತಿನ್ನುತ್ತಿದ್ದೆ. ಅನ್ನ ಮುಗಿದರೂ ತರಕಾರಿ ಉಳಿಯುತ್ತಿತ್ತು, ಅದಕ್ಕಂತ ಮತ್ತೆ ಅನ್ನ. ಈಗ ಸಾಲು ಬದಲಾಯಿಸಿದ್ದೇನೆ. ಊಟಕ್ಕೆ ಕೂತ ಕೂಡಲೇ ಒಂದು ದೊಡ್ಡ ಬಟ್ಟಲು, ಸುಮಾರು 250 ಗ್ರಾಂ, ಹಸಿ ತರಕಾರಿ ಅಥವಾ ಸೂಪು. ಅದು ಪೂರ್ತಿ ಮುಗಿದ ಮೇಲೆ ಮಿಕ್ಕಿದ್ದು. ಇದು ನನ್ನ ತಲೆಯಿಂದ ಬಂದಿದ್ದಲ್ಲ. ರೋಲ್ಸ್ ಅವರ ತಂಡವೇ 2004ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಊಟಕ್ಕೆ ಮುಂಚೆ ದೊಡ್ಡ ಬಟ್ಟಲು ಕಡಿಮೆ ಕ್ಯಾಲರಿ ಸಲಾಡ್ ತಿಂದವರು ಒಟ್ಟು ಊಟದಲ್ಲಿ 12 ಶೇಕಡಾ ಕಡಿಮೆ ಕ್ಯಾಲರಿ ತಿಂದಿದ್ದರು. ಸಲಾಡಿನ ಕ್ಯಾಲರಿ ಸೇರಿಸಿದರೂ ಕಡಿಮೆಯೇ. ಅದೇ ಸಲಾಡಿಗೆ ಚೀಸ್, ಎಣ್ಣೆ ಜಾಸ್ತಿ ಹಾಕಿ ಕೊಟ್ಟಾಗ ಮಾತ್ರ ಒಟ್ಟು ಲೆಕ್ಕ ಏರಿತ್ತು.

ಸೂಪಿಗೆ ನನ್ನ ಲೆಕ್ಕ ಹೇಳುತ್ತೇನೆ. ಎಲೆಕೋಸು 400 ಗ್ರಾಂ, ಟೊಮೆಟೊ 300, ಕ್ಯಾರೆಟ್ 100, ಈರುಳ್ಳಿ 100, ಒಂದು ಲೀಟರ್ ನೀರು. ಎಲ್ಲಾ ಹೆಚ್ಚಿ, ಉಪ್ಪು ಹಾಕಿ ಇಪ್ಪತ್ತು ನಿಮಿಷ ಕುದಿಸಿ. ಎಲ್ಲಾ ಸೇರಿ 235 ಕ್ಯಾಲರಿ, ಐದು ಬಟ್ಟಲು. ನುಣ್ಣಗೆ ರುಬ್ಬಬೇಡಿ, ಅಗಿಯಲು ಸಿಗಲಿ. ಫ್ರಿಜ್‌ನಲ್ಲಿ ಮೂರು ದಿನ ಇರುತ್ತದೆ. ಸುಸ್ತಾಗಿ ಬಂದ ದಿನ ಬಿಸ್ಕತ್ತಿನ ಡಬ್ಬಕ್ಕೆ ಕೈ ಹೋಗುವ ಮುಂಚೆ ಇದು ಬಿಸಿಯಾಗಬೇಕು.

ಇನ್ನೊಂದು, ಬೆರೆಸುವ ಉಪಾಯ. 200 ಗ್ರಾಂ ಅನ್ನ ತಿನ್ನುತ್ತಿದ್ದರೆ 260 ಕ್ಯಾಲರಿ. ಅದರಲ್ಲಿ ಅರ್ಧ ತೆಗೆದು, ಹೂಕೋಸನ್ನು ದಪ್ಪ ತುರಿಯಲ್ಲಿ ತುರಿದು ಎರಡು ನಿಮಿಷ ಬಿಸಿ ಮಾಡಿ ಬೆರೆಸಿ. ತಟ್ಟೆಯಲ್ಲಿ ಅಷ್ಟೇ ಕಾಣುತ್ತದೆ, 155 ಕ್ಯಾಲರಿ. ಪೂರ್ತಿ ಹೂಕೋಸೇ ಮಾಡಿದವರೂ ಇದ್ದಾರೆ. ನನಗೆ ಒಗ್ಗಲಿಲ್ಲ, ಎರಡು ಗಂಟೆಗೆಲ್ಲ ಹಸಿವಾಗುತ್ತಿತ್ತು. ಅರ್ಧ ಅರ್ಧ ಸರಿ.

ಪ್ರೋಟೀನ್ ಮರೆಯಬೇಡಿ. ನನ್ನ ಎಂಟು ದಿನದ ಪ್ರಸಂಗದಲ್ಲಿ ಕೊರತೆಯಾದದ್ದು ಅದೇ. ಬೇಳೆ, ಕಾಳು, ಮೊಟ್ಟೆ, ಮೊಸರು, ಮೀನು, ಯಾವುದೋ ಒಂದು ಪ್ರತಿ ಊಟದಲ್ಲಿ ಇರಲಿ. ತರಕಾರಿ ಹೊಟ್ಟೆಯನ್ನು ಈಗ ತುಂಬಿಸುತ್ತದೆ, ಪ್ರೋಟೀನ್ ಮೂರು ಗಂಟೆ ಆದ ಮೇಲೂ ಹಿಡಿದಿಡುತ್ತದೆ. ಅದು ಕಡಿಮೆ ಆದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ.

ಹಣ್ಣು

ಹಣ್ಣಿನಲ್ಲಿ, ನೂರು ಗ್ರಾಂಗೆ ಕ್ಯಾಲರಿ ಲೆಕ್ಕ ಹೇಳುವುದಾದರೆ, ಕಲ್ಲಂಗಡಿ 30, ಸ್ಟ್ರಾಬೆರಿ 32, ಕರಬೂಜ 34, ಪೀಚ್ 39, ಪಪ್ಪಾಯ 43, ಕಿತ್ತಳೆ 47, ಅನಾನಸ್ 50, ಸೇಬು 52. ಸೀಬೆ 68 ಆದರೂ ನೂರು ಗ್ರಾಂಗೆ 5 ಗ್ರಾಂ ನಾರು ಇದೆ, ಅಗಿಯಲು ಹೊತ್ತು ಬೇಕು, ನನ್ನ ಮೆಚ್ಚಿನದು. ಮಾವು 60, ದ್ರಾಕ್ಷಿ 69, ಬಾಳೆ 89. ಬೆಣ್ಣೆಹಣ್ಣು 160, ಒಳ್ಳೇ ಕೊಬ್ಬೇ ಆದರೂ ಕೊಬ್ಬು ಕೊಬ್ಬೇ. ಖರ್ಜೂರ 280ರ ಹತ್ತಿರ. ಕಲ್ಲಂಗಡಿ ತೂಗುವಾಗ ಸಿಪ್ಪೆ ತೆಗೆದು ತೂಗಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಜ್ಯೂಸ್ ಬಿಡಿ. ಇದೊಂದರಲ್ಲಿ ನಾನು ಹಟಮಾರಿ. ಒಂದು ಲೋಟ ಕಿತ್ತಳೆ ರಸಕ್ಕೆ ಮೂರು ಹಣ್ಣು ಬೇಕು. ಮೂರು ಹಣ್ಣು ಸುಲಿದು, ತೊಳೆ ಬಿಡಿಸಿ, ಬೀಜ ಉಗಿದು ತಿನ್ನಿ ನೋಡೋಣ, ಎರಡನೆಯದಕ್ಕೇ ಸಾಕು ಅನಿಸುತ್ತದೆ. ರಸ ಅರ್ಧ ನಿಮಿಷದಲ್ಲಿ ಗಂಟಲಿಗಿಳಿಯುತ್ತದೆ, 110 ಕ್ಯಾಲರಿ, ನಾರು ಜರಡಿಯಲ್ಲೇ ಉಳಿಯಿತು. 2009ರಲ್ಲಿ ಬಂದ ಇನ್ನೊಂದು ಪರೀಕ್ಷೆಯೂ ಇದನ್ನೇ ತೋರಿಸಿತು. ಊಟಕ್ಕೆ ಮುಂಚೆ ಇಡೀ ಸೇಬು ತಿಂದವರು, ಏನೂ ತಿನ್ನದೆ ಊಟಕ್ಕೆ ಕೂತಾಗಿನದಕ್ಕಿಂತ, ಸೇಬು ಸೇರಿಸಿಯೂ 15 ಶೇಕಡಾ ಕಡಿಮೆ ಕ್ಯಾಲರಿ ತಿಂದರು. ಸೇಬಿನ ರಸ ಕುಡಿದಾಗ ಆ ಪರಿಣಾಮ ಸಿಗಲಿಲ್ಲ.

ನನಗೆ ಕೈ ಜಾರುವ ಹೊತ್ತು ಸಂಜೆ ಐದು. ಆಗ ಮೆಷಿನ್ ಪಕ್ಕ, ಗುಂಡಿಗಳ ಡಬ್ಬದ ಹತ್ತಿರ, ಇನ್ನೊಂದು ಡಬ್ಬ ಇರುತ್ತದೆ. ಬೆಳಿಗ್ಗೆಯೇ ಹೆಚ್ಚಿಟ್ಟ ಮೂಲಂಗಿ, ಕ್ಯಾರೆಟ್, ಒಂದು ಸೀಬೆ. ಹೆಚ್ಚಿಟ್ಟಿರಬೇಕು, ಅದೇ ಗುಟ್ಟು. ಹೆಚ್ಚದ ಮೂಲಂಗಿಯನ್ನು ಹಸಿದವರು ಯಾರೂ ಮುಟ್ಟುವುದಿಲ್ಲ. ಆದರೆ ರೇಷ್ಮೆ ಬಟ್ಟೆ ಹೊಲಿಯುವ ದಿನ ಕಲ್ಲಂಗಡಿ ತರಬೇಡಿ, ಒಂದು ಹನಿ ಬಿತ್ತು ಅಂದರೆ ಮುಗಿಯಿತು. ಇದು ನಿಮಗೆ ಬೇಡದ ಸಲಹೆ ಇರಬಹುದು.

ಇವರು ಕೇಳಿಕೊಂಡು ಮಾಡಿ

ಒಂದೇ ಸಲಕ್ಕೆ ತರಕಾರಿ ಎರಡು ಪಟ್ಟು ಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಎಲೆಕೋಸು, ಹೂಕೋಸಿನಿಂದ ಜಾಸ್ತಿ. ವಾರಕ್ಕೆ ಒಂದು ಬಟ್ಟಲಿನಂತೆ ಏರಿಸಿ. ವಾರ್ಫರಿನ್ ಅನ್ನುವ ರಕ್ತ ಹೆಪ್ಪುಗಟ್ಟದ ಮಾತ್ರೆ ತಿನ್ನುವವರು ಪಾಲಕ್, ಎಲೆಕೋಸಿನಂಥ ಸೊಪ್ಪುಗಳನ್ನು ಇದ್ದಕ್ಕಿದ್ದಂತೆ ಜಾಸ್ತಿ ಮಾಡಬಾರದು. ಅವುಗಳಲ್ಲಿರುವ ವಿಟಮಿನ್ ಕೆ ಮಾತ್ರೆಯ ಕೆಲಸಕ್ಕೆ ಅಡ್ಡ ಬರುತ್ತದೆ. ಗ್ರೇಪ್‌ಫ್ರೂಟ್ (ಚಕೋತದ ಜಾತಿಯ ಹಣ್ಣು, ದ್ರಾಕ್ಷಿ ಅಲ್ಲ) ತೂಕ ಇಳಿಸುತ್ತದೆ ಅನ್ನುತ್ತಾರೆ. ಅದು ಕೆಲವು ಕೊಲೆಸ್ಟರಾಲ್, ಬಿಪಿ ಮಾತ್ರೆಗಳ ಅಂಶ ರಕ್ತದಲ್ಲಿ ಏರುವ ಹಾಗೆ ಮಾಡುತ್ತದೆ, ಅಂಥ ಮಾತ್ರೆ ಇದ್ದರೆ ಬೇಡ. ಕಿಡ್ನಿ ತೊಂದರೆ ಇರುವವರಿಗೆ ಟೊಮೆಟೊ, ಪಾಲಕ್, ಕಿತ್ತಳೆಯ ಪೊಟ್ಯಾಸಿಯಂ ಜಾಸ್ತಿಯಾಗಬಹುದು. ಕಿಡ್ನಿಯಲ್ಲಿ ಆಕ್ಸಲೇಟ್ ಅನ್ನುವ ಬಗೆಯ ಕಲ್ಲು ಆದವರು ಪಾಲಕ್ ಕಡಿಮೆ ಮಾಡಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನ ಕಡಿಮೆ ಮಾಡುವ ಮುಂಚೆ ಡಾಕ್ಟರಿಗೆ ಹೇಳಿ, ಸಕ್ಕರೆ ತೀರಾ ಇಳಿದುಬಿಟ್ಟರೆ ಅಪಾಯ. ಬಸುರಿಯರು ತೂಕ ಇಳಿಸುವ ಯೋಚನೆಯನ್ನೇ ಪಕ್ಕಕ್ಕಿಡಿ.

ಅಳೆಯುವುದು ನನ್ನ ಕಸುಬು

ತೂಕ ದಿನದಿಂದ ದಿನಕ್ಕೆ ಒಂದು ಕಿಲೊ ಆಚೀಚೆ ಆಡುತ್ತದೆ. ನಿನ್ನೆ ಉಪ್ಪು ಜಾಸ್ತಿ ತಿಂದಿದ್ದರೆ ಇವತ್ತು ನೀರು ಹಿಡಿದಿರುತ್ತದೆ. ಅದನ್ನು ನೋಡಿ ಅಳಬೇಡಿ, ಕುಣಿಯಲೂ ಬೇಡಿ. ವಾರಕ್ಕೊಮ್ಮೆ, ಬೆಳಿಗ್ಗೆ ಶೌಚಕ್ಕೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮುಂಚೆ ನೋಡಿದರೆ ಸಾಕು. ವಾರಕ್ಕೆ ಅರ್ಧ ಕಿಲೊ ಇಳಿದರೆ ಬಹಳ ಚೆನ್ನಾಗಿದೆ. ನನ್ನದು ಅದರ ಅರ್ಧವೂ ಇರಲಿಲ್ಲ.

ಟೇಪು ಇಟ್ಟುಕೊಳ್ಳಿ. ಹೊಲಿಗೆಯ ಬಟ್ಟೆ ಟೇಪೇ ಸಾಕು, ಆದರೆ ಹಳೆಯದಾದರೆ ಹಿಗ್ಗುತ್ತದೆ, ಸ್ಕೇಲಿಗೆ ಹಿಡಿದು ನೋಡಿ. ಪಕ್ಕೆಲುಬಿನ ಕೊನೆಯನ್ನು ಬೆರಳಲ್ಲಿ ಹುಡುಕಿ. ಸೊಂಟದ ಮೂಳೆಯ ಮೇಲಿನ ಅಂಚನ್ನೂ ಹುಡುಕಿ. ಎರಡರ ನಡುಮಧ್ಯಕ್ಕೆ ಟೇಪು ಬರಬೇಕು, ಹಿಂದೆ ಮುಂದೆ ಒಂದೇ ಮಟ್ಟ. ಟೇಪು ಚರ್ಮಕ್ಕೆ ತಾಗಬೇಕು, ಕಚ್ಚಬಾರದು. ಆ ಅಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು ಅಂತ ಡಾಕ್ಟರುಗಳು ಹೇಳುತ್ತಾರೆ. ನನ್ನ ಎತ್ತರ 62 ಇಂಚು, ಅರ್ಧ ಅಂದರೆ 31. ನನ್ನದು ಈಗ ಮೂವತ್ತನಾಲ್ಕೂವರೆ, ಇನ್ನೂ ದಾರಿ ಇದೆ.

ಉಸಿರನ್ನು ಸಹಜವಾಗಿ ಹೊರಗೆ ಬಿಟ್ಟ ಮೇಲೆ ಅಳತೆ ಓದಬೇಕು. ಇದೇ ಕಷ್ಟದ ಭಾಗ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಮುಂದೆ ನಿಂತ ಯಾರೇ ಆಗಲಿ, ಟೇಪು ಹೊಟ್ಟೆಯ ಮೇಲೆ ಬಂದ ಕೂಡಲೇ ಉಸಿರು ಒಳಗೆಳೆದುಕೊಳ್ಳುತ್ತಾರೆ. ಮಾತಾಡಿಸುತ್ತಾ ಇದ್ದು, ಅವರು ಉತ್ತರ ಕೊಟ್ಟು ಮುಗಿಸಿದ ಗಳಿಗೆಯಲ್ಲಿ ಓದಿಕೊಳ್ಳುತ್ತೇನೆ. ನನ್ನ ಅಳತೆ ತೆಗೆಯುವಾಗ ಮಗಳೂ ಈಗ ಅದನ್ನೇ ಮಾಡುತ್ತಾಳೆ. ‘ಅಮ್ಮಾ, ನಾಳೆ ಡಬ್ಬಕ್ಕೆ ಏನು ಹೆಚ್ಚಲಿ?’ ಅಂತ ಕೇಳುತ್ತಾಳೆ. ನಾನು ಮೂಲಂಗಿ ಅನ್ನುವಷ್ಟರಲ್ಲಿ ಓದಿ ಮುಗಿಸಿರುತ್ತಾಳೆ.